ಸುಖೋಯ್ ಹೊಟ್ಟೆಗೆ ಬ್ರಹ್ಮೋಸ್: 1:72 ಅಳತೆಯ ರೆಸಿನ್ ಸೆಟ್, ಕಾರವಾರದ ಮಳೆಗಾಲದಲ್ಲಿ

ಸುಖೋಯ್ ಯುದ್ಧವಿಮಾನದ ಮಾಡೆಲ್‌ಗೆ (ನಿಜದ 72ರಲ್ಲೊಂದು ಅಳತೆ) ತೂಗುಹಾಕಲು ರೆಸಿನ್‌ನಲ್ಲಿ ಮಾಡಿದ ಬ್ರಹ್ಮೋಸ್ ಕ್ಷಿಪಣಿಯ ಸೆಟ್ ಇದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಸುಖೋಯ್-30ಎಂಕೆಐ ಮೂರು ಬ್ರಹ್ಮೋಸ್ ಹೊತ್ತು ಹಾರುತ್ತಿದೆ. ಒಳಗಿರುವುದು ಒಂದೇ. ಮೋಸ ಅಂದುಕೊಳ್ಳಬೇಡಿ, ತಪ್ಪಿರುವುದು ಚಿತ್ರ. ವಿಮಾನಕ್ಕೆಂದು ಹಗುರ ಮಾಡಿದ ಬ್ರಹ್ಮೋಸ್-ಎ ಕ್ಷಿಪಣಿಯೂ 2.5 ಟನ್ ತೂಗುತ್ತದೆ. ವಾಯುಪಡೆ ಅದನ್ನು ಎರಡು ಎಂಜಿನ್‌ಗಳ ನಡುವೆ, ಹೊಟ್ಟೆಯ ಕೆಳಗೆ ಒಂದೇ ಒಂದು ತೂಗುಹಾಕುತ್ತದೆ, ಅದಕ್ಕೂ ವಿಮಾನದ ಮೈಯನ್ನು ಗಟ್ಟಿ ಮಾಡಬೇಕಾಯಿತು.

ನಿಜವಾದ ದೋಷ ಸ್ಕೇಲ್ ಹಿಡಿದಾಗ ಸಿಗುತ್ತದೆ. ಸೆಟ್‌ನ ಕ್ಷಿಪಣಿ 11.7 ಸೆಂ.ಮೀ. ಇದೆ. 72ರಿಂದ ಗುಣಿಸಿದರೆ 8.4 ಮೀಟರ್, ಅಂದರೆ ಹಡಗಿನಿಂದ ಹಾರಿಸುವ ಬ್ರಹ್ಮೋಸ್! ವಿಮಾನದ್ದು ಸುಮಾರು 8 ಮೀಟರ್, ಮಾಡೆಲ್‌ನಲ್ಲಿ 11.1 ಸೆಂ.ಮೀ. ಆಗಬೇಕು. ವಿಮಾನವೇ ಎತ್ತರ, ವೇಗ ಎರಡನ್ನೂ ಕೊಡುವುದರಿಂದ ಹಿಂಬದಿಯಲ್ಲಿ ದೊಡ್ಡ ಬೂಸ್ಟರ್ (ಕ್ಷಿಪಣಿಯನ್ನು ಮೊದಲಿಗೆ ತಳ್ಳುವ ರಾಕೆಟ್) ಬೇಕಿಲ್ಲ. ಕಳಚಿದ ಕ್ಷಿಪಣಿ ಮೊದಲು ಸುಮ್ಮನೆ ಬೀಳುತ್ತದೆ, ಬೂಸ್ಟರ್ ಹೊತ್ತಿಕೊಳ್ಳುವುದು ಆಮೇಲೆ. ಹಾಗಾಗಿ ಮೂತಿ ಮುಟ್ಟಬೇಡಿ, ಹಿಂಬದಿಯಿಂದಲೇ 6 ಮಿ.ಮೀ. ಕೊಯ್ದು ತೆಗೆಯಿರಿ. ಕೊಯ್ಯುವಾಗ ಮಾಸ್ಕ್ ಹಾಕಿ, ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿ (ಮೊದಲು 400 ನಂಬರಿನದು, ಆಮೇಲೆ ಇನ್ನೂ ನುಣುಪಾದ 800), ರೆಸಿನ್ ಧೂಳು ಎದೆಗೆ ಒಳ್ಳೆಯದಲ್ಲ.

ಜುಲೈ ತಿಂಗಳ ಕಾರವಾರದಲ್ಲಿ ಇದನ್ನು ಜೋಡಿಸುವುದು ಬೇರೆಯೇ ಕೆಲಸ. ಪ್ರಿಂಟ್ ಮಾಡಿದ ರೆಸಿನ್ ಮುಟ್ಟಿದರೆ ಅಂಟುತ್ತಿದ್ದರೆ ಅದು ಪೂರ್ತಿ ಗಟ್ಟಿಯಾಗಿಲ್ಲ, ಮೇಲೆ ಹಚ್ಚಿದ ಪ್ರೈಮರ್ ಸಿಪ್ಪೆಯಂತೆ ಏಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಯುವಿ ದೀಪದ ಕೆಳಗೆ ಇಡಿ. ಜಡಿಮಳೆಯ ದಿನ ಬಿಸಿಲು ನಂಬಿ ಕೂತರೆ ವಾರ ಕಳೆಯುತ್ತದೆ.

ಫೆವಿಕ್ವಿಕ್ ಥರದ ಅಂಟು ತೇವದಿಂದಲೇ ಗಟ್ಟಿಯಾಗುವಂಥದ್ದು. ನಮ್ಮ ಹವೆಯಲ್ಲಿ ರೆಕ್ಕೆ ನೆಟ್ಟಗೆ ಮಾಡುವಷ್ಟರಲ್ಲಿ ಹಿಡಿದುಬಿಡುತ್ತದೆ, ಅದರ ಆವಿ ಸುತ್ತ ಬೂದಿ ಬಳಿದಂತೆ ಬೆಳ್ಳಗೆ ಕೂರುತ್ತದೆ. ಪುಟ್ಟ ರೆಕ್ಕೆಗಳಿಗೆ ಐದು ನಿಮಿಷದ ಎಪಾಕ್ಸಿ ಮೇಲು. ಕ್ಷಿಪಣಿಯನ್ನು ವಿಮಾನಕ್ಕೆ ತೂಗುಹಾಕುವ ಪೈಲಾನ್‌ಗೆ ಅಂಟೊಂದೇ ಸಾಲದು: ಪೈಲಾನ್, ಕ್ಷಿಪಣಿ ಎರಡೂ ಕಡೆ ತೂತು ಕೊರೆದು 1 ಮಿ.ಮೀ. ಹಿತ್ತಾಳೆ ತಂತಿ ಸೇರಿಸಿ. ಇಲ್ಲದಿದ್ದರೆ ಕ್ಷಿಪಣಿ ಒಂದಲ್ಲ ಒಂದು ದಿನ ಶೋಕೇಸ್ ನೆಲಕ್ಕೆ ಬೀಳುತ್ತದೆ.

ಕೊನೆಯ ವಾರ್ನಿಶ್ ಕೂಡ ಮಳೆ ಬಿಟ್ಟ ಮಧ್ಯಾಹ್ನ ಅಥವಾ ಎಸಿ ಕೋಣೆಯಲ್ಲೇ ಆಗಲಿ. ಲ್ಯಾಕರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಇಳಿದು ಬಣ್ಣ ಹಾಲಿನಂತೆ ಮಂಕಾಗುತ್ತದೆ. ಪೆಟ್ಟಿಗೆಯಲ್ಲೇ ಬಾಗಿ ಬಂದ ಕ್ಷಿಪಣಿಯನ್ನಾದರೆ, ರೆಕ್ಕೆ ಅಂಟಿಸುವ ಮೊದಲೇ ಬಿಸಿನೀರಲ್ಲಿ ಒಂದು ನಿಮಿಷ ಇಟ್ಟು, ಗಾಜಿನ ಮೇಲೆ ಉರುಳಿಸಿದರೆ ನೆಟ್ಟಗಾಗುತ್ತದೆ.

ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತಿನ ಚಿತ್ರಗಳು) ಚೆನ್ನಾಗಿವೆ. 222ನೇ ಸ್ಕ್ವಾಡ್ರನ್ನಿನ ಗುರುತು ಇದೆ: ಬ್ರಹ್ಮೋಸ್ ಹೊರುವ ಸುಖೋಯ್‌ಗಳೊಂದಿಗೆ 2020ರ ಜನವರಿಯಲ್ಲಿ ತಂಜಾವೂರಿನಲ್ಲಿ ಮತ್ತೆ ಶುರುವಾದ ದಳ ಅದು. ಆದರೆ 2017ರ ನವೆಂಬರ್ 22ರ ಮೊದಲ ಪ್ರಯೋಗದ ವಿಮಾನ ಮಾಡಬೇಕೆಂದಿದ್ದರೆ ಈ ಗುರುತು ಅಂಟಿಸಬೇಡಿ.

ಕಾರವಾರದ ಕದಂಬ ನೌಕಾನೆಲೆಗೆ ಬರುವ ವಿಮಾನವಾಹಕ ಹಡಗು ವಿಕ್ರಮಾದಿತ್ಯವನ್ನು ನೋಡಿ ಹುಚ್ಚು ಹತ್ತಿದವರು ಅದರ ಮೇಲಿಂದ ಹಾರುವ ಮಿಗ್-29ಕೆ, ಆ ವಿಮಾನದ ರೆಕ್ಕೆಯಡಿ ಹಡಗು ಹೊಡೆಯುವ ಖಾ-35 ಹುಡುಕುವುದು ಒಳ್ಳೆಯದು. 3.85 ಮೀಟರ್ ಕ್ಷಿಪಣಿ, ಮಾಡೆಲ್‌ನಲ್ಲಿ 5.3 ಸೆಂ.ಮೀ., ಕೊಯ್ಯುವ ರಗಳೆ ಇಲ್ಲ. ಬ್ರಹ್ಮೋಸೇ ಬೇಕೆನ್ನುವವರು ಈ ಸೆಟ್ ಕೊಳ್ಳಬಹುದು, ಸಣ್ಣ ಗರಗಸವೊಂದು ಕೈಯಲ್ಲಿದ್ದರೆ.