ಮ್ಯೂಸಿಯಂ ಕೆಲಸ: ದಾಖಲೆಯ ಕಡೆಯೋ, ಡಿಜಿಟಲ್ ಕಡೆಯೋ?

ವಸ್ತುಗಳ ದಾಖಲೆ ಇಡೋದು, ಅವುಗಳ ಬಗ್ಗೆ ಜನರಿಗೆ ಬರೆದು ವೆಬ್‌ಸೈಟಿಗೆ ಹಾಕೋದು: ಎರಡೂ ಮ್ಯೂಸಿಯಂ ಕೆಲಸವೇ, ಆದರೆ ದಿನ ಕಳೆಯುವ ರೀತಿ ಬೇರೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿರುವ ಆತಕೂರು ಶಾಸನವನ್ನೇ ತೆಗೆದುಕೊಳ್ಳಿ. ಸುಮಾರು ಕ್ರಿ.ಶ. 949ರ ಕಲ್ಲು. ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಸತ್ತ ಕತೆ ಅದರಲ್ಲಿದೆ.

ದಾಖಲೆಯವರಿಗೆ ಕಾಳಿಯ ಸಾಹಸ ಆಮೇಲೆ. ನೋಂದಣಿ ಸಂಖ್ಯೆ ಎಷ್ಟು? ಅಳತೆ? ಎಲ್ಲಿಂದ, ಯಾವಾಗ ಬಂತು? ಬಿರುಕು ಎಲ್ಲಿದೆ? ಒಂದು ಕಡೆ 'ಆತಕೂರು', ಇನ್ನೊಂದು ಕಡೆ 'ಅತಕೂರು' ಅಂತ ಬರೆದಿಟ್ಟರೆ ಹುಡುಕಿದವರಿಗೆ ಅರ್ಧ ಮಾಹಿತಿ ಸಿಗೋದೇ ಇಲ್ಲ. ಇಂಥ ಕೆಲಸಕ್ಕೆಂದೇ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 'ಜತನ್' ಎಂಬ ತಂತ್ರಾಂಶ ಮಾಡಿದೆ. ಆದರೆ ಕಾಗುಣಿತ ತಿದ್ದುವ ತಾಳ್ಮೆ ತಂತ್ರಾಂಶದಲ್ಲಿ ಬರೋದಿಲ್ಲ, ಅದು ನಿಮ್ಮಲ್ಲೇ ಇರಬೇಕು.

ಪ್ರಕಟಣೆ ಮತ್ತು ಡಿಜಿಟಲ್ ಕಡೆ ಹೋದರೆ ಅದೇ ಕಾಳಿಯನ್ನು ಐದನೇ ಕ್ಲಾಸಿನ ಹುಡುಗಿಗೆ ಎರಡೇ ಸಾಲಲ್ಲಿ ಹೇಳಬೇಕು. ಫೋಟೊ ಹಕ್ಕು ಯಾರದು ಅಂತಲೂ ನೋಡಬೇಕು. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಲ್ಲಿ ಹಕ್ಕುಸ್ವಾಮ್ಯದ ತೊಡಕಿಲ್ಲದ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಈ ಡಿಜಿಟಲ್ ಕೆಲಸದಲ್ಲಿ ಜನರ ಪ್ರತಿಕ್ರಿಯೆ ಬೇಗ ಸಿಗುತ್ತೆ, ಡೆಡ್‌ಲೈನ್ ಕಾಟವೂ ಜಾಸ್ತಿ.

ಬರೆಯೋದು ಇಷ್ಟ ಅಂತ ಸುಮ್ನೆ ಎರಡನೆಯದಕ್ಕೆ ಹಾರಬೇಡಿ. ನನ್ನ ಕೇಳಿದರೆ, ಮೊದಲು ಒಂದೆರಡು ವರ್ಷ ದಾಖಲೆಯ ಕಡೆ ಇರಿ. ದಾಖಲೆಯಲ್ಲೇ ಊರಿನ ಹೆಸರು ತಪ್ಪಿದ್ದರೆ ವೆಬ್‌ಸೈಟಿನಲ್ಲೂ ತಪ್ಪೇ ಹೋಗುತ್ತೆ, ಅಲ್ವಾ?