ಹಳೇ ಕಂಪೈಲರ್‌ಗೆ ಸಿ ಕೋಡ್ ಕೊಡ್ತಿದ್ದೀರಾ? ನಾನು ಮಾಡಿದ ಎಡವಟ್ಟು ನೋಡಿ

ನಾನು ಬರೆದ ಒಂದು ಸಣ್ಣ ಸಿ ಲೈಬ್ರರಿ ವಿಷುಯಲ್ ಸ್ಟುಡಿಯೋ 2010ರಲ್ಲೂ ಬಿಲ್ಡ್ ಆಗಬೇಕಿತ್ತು. ಸ್ಟೈಲ್ ನಿಯಮಗಳಲ್ಲಿ ಮೊದಲೇ ಹೇಳಿದ್ದರು: ಸಿ90 (ಸಿ ಭಾಷೆಯ 1990ರ ಹಳೇ ಸ್ಟ್ಯಾಂಡರ್ಡ್) ಮಾತ್ರ, ವೇರಿಯಬಲ್‌ಗಳೆಲ್ಲ ಬ್ಲಾಕ್‌ನ ಶುರುವಿನಲ್ಲೇ ಇರಬೇಕು. ಈ ಕಾಲದಲ್ಲಿ ಯಾರಪ್ಪ ಹೀಗೆ ಬರೀತಾರೆ ಅಂತ ನಕ್ಕು ಸುಮ್ಮನಾದೆ. ನಾನು ಬಳಸುವ ಕಂಪೈಲರ್ ಜಿಸಿಸಿಯಲ್ಲಿ ಒಂದು ವಾರ್ನಿಂಗೂ ಇರಲಿಲ್ಲ ನೋಡಿ, ಅದೇ ಧೈರ್ಯ.

ವಿಷುಯಲ್ ಸ್ಟುಡಿಯೋದಲ್ಲಿ ಬಿಲ್ಡ್ ಒತ್ತಿದರೆ ಸ್ಕ್ರೀನ್ ತುಂಬ ಎರರ್. ಮೊದಲನೆಯದು, ಟೈಪ್‌ಗೆ ಮುಂಚೆ ಸೆಮಿಕೋಲನ್ ಇಲ್ಲ ಅಂತ. ಆ ಸಾಲು ನೋಡಿದೆ, ಹಿಂದಿನ ಸಾಲು ನೋಡಿದೆ, ಹೆಡರ್ ಫೈಲ್ ಕೂಡ ನೋಡಿದೆ, ಎಲ್ಲಾ ಕಡೆ ಸೆಮಿಕೋಲನ್ ಇದೆ! ಅರ್ಧ ದಿನ ಹಾಗೇ ಹೋಯಿತು. ವಿಷಯ ಏನಂದ್ರೆ, ಆ ಕಂಪೈಲರ್ ಸಿ ಫೈಲ್‌ನಲ್ಲಿ ಸ್ಟೇಟ್‌ಮೆಂಟ್ ಆದಮೇಲೆ ಬರುವ ಡಿಕ್ಲರೇಶನ್ (ವೇರಿಯಬಲ್‌ನ ಟೈಪ್, ಹೆಸರು ಹೇಳುವ ಸಾಲು) ಒಪ್ಪುವುದೇ ಇಲ್ಲ. ಒಪ್ಪೋಕೆ ಶುರು ಮಾಡಿದ್ದು 2013ರ ಆವೃತ್ತಿಯಿಂದ. ಒಂದು ಡಿಕ್ಲರೇಶನ್ ಬಿದ್ದುಹೋದರೆ ಆ ವೇರಿಯಬಲ್ ಬಳಸಿದ ಪ್ರತಿ ಸಾಲಲ್ಲೂ ಬೇರೆ ಎರರ್.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ. ಅವಸರದಲ್ಲಿ ಡಿಕ್ಲರೇಶನ್‌ಗಳನ್ನೆಲ್ಲ ಕಟ್ ಮಾಡಿ ಫಂಕ್ಷನ್‌ನ ತಲೆಗೆ ಅಂಟಿಸಿದೆ. ಒಂದು ಫಂಕ್ಷನ್‌ನಲ್ಲಿ ಮೊದಲು ಪಾಯಿಂಟರ್ ನಲ್ (ಎಲ್ಲಿಗೂ ತೋರಿಸದ ಖಾಲಿ) ಇದೆಯಾ ಅಂತ ನೋಡಿ, ನಲ್ ಆದರೆ ವಾಪಸ್ ಹೋಗಿ, ಇಲ್ಲದಿದ್ದರೆ ಮುಂದಿನ ಸಾಲಲ್ಲಿ ಲೆನ್ ಅನ್ನೋ ವೇರಿಯಬಲ್ ಮಾಡಿ ಅದಕ್ಕೆ ಸ್ಟ್ರಿಂಗ್‌ನ ಉದ್ದ ಹಾಕುತ್ತಿದ್ದೆ. ಆ ಸಾಲು ಇಡಿಯಾಗಿ ಮೇಲೆ ಹೋಯಿತು. ನಲ್ ಚೆಕ್ ಕೆಳಗೆ ಉಳಿಯಿತು. ಕಂಪೈಲರ್ ತೆಪ್ಪಗಿತ್ತು, ಪ್ರೋಗ್ರಾಂ ಕ್ರ್ಯಾಶ್ ಆಯಿತು. ಹೆಸರು ಮಾತ್ರ ಮೇಲೆ ತಗೊಂಡು ಹೋಗಿ, ಬೆಲೆ ಹಾಕುವ ಸಾಲು ಇದ್ದಲ್ಲೇ ಇರಲಿ.

ಇನ್ನೊಂದು, ಬಫರ್‌ಗೆ ಅದರ ಅಳತೆ ನೋಡಿಕೊಂಡು ಪಠ್ಯ ಬರೆಯುವ ಫಂಕ್ಷನ್ ಎಸ್‌ಎನ್‌ಪ್ರಿಂಟ್‌ಎಫ್. 2015ರ ಆವೃತ್ತಿಗಿಂತ ಮುಂಚೆ ವಿಷುಯಲ್ ಸ್ಟುಡಿಯೋದಲ್ಲಿ ಅದು ಇಲ್ಲ, ಹೆಸರಿನ ಶುರುವಿಗೆ ಅಂಡರ್‌ಸ್ಕೋರ್ ಹಚ್ಚಿದ ಅದರ ತಮ್ಮ ಇದ್ದಾನೆ. ಎರಡೂ ಒಂದೇ ಅಲ್ವಾ ಅಂತ ಒಂದು ಹೆಸರಿನ ಬದಲು ಇನ್ನೊಂದು ಇಡುವ ಡಿಫೈನ್ ಹಾಕಿ ಕೈತೊಳೆದುಕೊಂಡೆ. ಒಂದೇ ಅಲ್ಲ! ಬಫರ್ ತುಂಬಿಹೋದರೆ ಆ ತಮ್ಮ ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ಕೊನೆಯ ಸೊನ್ನೆ ಬೈಟ್ ಹಾಕುವುದಿಲ್ಲ. ಉದ್ದ ಹೆಸರಿನ ಫೈಲ್ ಬಂದ ದಿನ ಲಾಗ್ ತುಂಬ ಕಸ.

ಜಿಸಿಸಿ ಯಾಕೆ ಏನೂ ಹೇಳಲಿಲ್ಲ ಅಂದ್ರೆ, 5ನೇ ಆವೃತ್ತಿಯಿಂದ ಅದರ ಡೀಫಾಲ್ಟ್ ಗ್ನೂ11 (ಸಿ11 ಜೊತೆಗೆ ಜಿಸಿಸಿಯ ಸ್ವಂತ ಸೇರ್ಪಡೆಗಳು) ಅಥವಾ ಅದಕ್ಕಿಂತ ಹೊಸದು. ಬರೀ ಸಿ90 ಅಂತ ಹೇಳಿದರೂ ಸಾಲದು: ಎರಡು ಸ್ಲ್ಯಾಶ್‌ನ ಕಾಮೆಂಟ್ ತಪ್ಪು ಅಂತ ಹಿಡಿಯುತ್ತದೆ, ನಡುವೆ ಬಂದ ಡಿಕ್ಲರೇಶನ್‌ ಬಿಟ್ಟುಬಿಡುತ್ತದೆ. ಜೊತೆಗೆ, ಸ್ಟ್ಯಾಂಡರ್ಡ್ ಮೀರಿದ್ದನ್ನು ಎರರ್ ಮಾಡುವ ಪೆಡಾಂಟಿಕ್-ಎರರ್ಸ್ ಫ್ಲಾಗ್ ಹಾಕಿ, ಅದೂ ಮೊದಲ ಫೈಲ್ ಬರೆಯುವ ದಿನವೇ.