ಗೋಡೆಯ ಮೇಲಿನ ಸರ್ಟಿಫಿಕೇಟ್ ನಂಬಿದೆ, ಅವ್ವನ ಕೈ ಸುಟ್ಟಿತು

ಕಲಬುರಗಿಯಲ್ಲಿ ಮನೆಯವರನ್ನು ಖಾಸಗಿ ಆಸ್ಪತ್ರೆಗೆ ಸೇರಿಸುವವರಿದ್ದರೆ ದಯವಿಟ್ಟು ಇದನ್ನು ಓದಿ. ದೂರು ಕೊಟ್ಟಿದ್ದೇನೆ, ಅದಕ್ಕೇ ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ.

ಮೇ ತಿಂಗಳು, ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. 68 ವರ್ಷದ ಅವ್ವನಿಗೆ ಎರಡು ದಿನ ವಾಂತಿ ಭೇದಿ. ಸಂಜೆ ಸೇರಿಸಿದೆವು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ, ಸಲೈನ್‌ನಲ್ಲಿ ಸೇರಿಸಿ ನಿಧಾನವಾಗಿ ಕೊಡಬೇಕು ಎಂದು ಡಾಕ್ಟರ್ ಬರೆದು ಹೋದರು. ಅವರ ಮೇಲೆ ನನ್ನ ತಕರಾರಿಲ್ಲ. ‘ನಿಧಾನವಾಗಿ’ ಎಂದು ಅವರು ಬರೆದದ್ದು ಕೇಸ್ ಶೀಟ್‌ನಲ್ಲಿ ಇವತ್ತಿಗೂ ಇದೆ.

ಹಣ ಕಟ್ಟುವ ಕೌಂಟರಿನ ಹಿಂದೆ, ದೇವರ ಫೋಟೋದ ಪಕ್ಕದಲ್ಲೇ, ಗಾಜಿನ ಚೌಕಟ್ಟಿನಲ್ಲಿ ಒಂದು ಸರ್ಟಿಫಿಕೇಟ್. ಅದರ ಕೆಳಗೆ ದಪ್ಪ ಅಕ್ಷರ: ‘ನಮ್ಮಲ್ಲಿ ಐ.ವಿ. ಚಿಕಿತ್ಸೆಯಲ್ಲಿ ಪ್ರಮಾಣಪತ್ರ ಪಡೆದ ನರ್ಸ್‌ಗಳಿದ್ದಾರೆ.’ ಐ.ವಿ. ಎಂದರೆ ನರದೊಳಗೆ ಸಲೈನ್, ಔಷಧ ಕೊಡುವುದು. ಮುಂಗಡ 15,000 ರೂಪಾಯಿ ಕಟ್ಟುವಾಗ ಅದನ್ನು ಓದಿದೆ. ಓದಿ ಸಮಾಧಾನಪಟ್ಟೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗಿ ಬಂದಳು. ಎಡಗೈಗೆ ಎರಡು ಸಲ ಚುಚ್ಚಿದಳು, ನರ ಸಿಗಲಿಲ್ಲ. ಮೂರನೆಯದು ಬಲಗೈಗೆ, ಮಣಿಕಟ್ಟಿನ ಹತ್ತಿರ, ಹಸಿರು ಮುಚ್ಚಳದ ಸೂಜಿ. ಹಸಿರು ಎಂದರೆ 18 ನಂಬರ್, ನಂಬರ್ ಕಡಿಮೆಯಾದಷ್ಟೂ ಸೂಜಿ ದಪ್ಪ. ಅವ್ವನಂಥವರ ತೆಳು ನರಕ್ಕೆ 22 ನಂಬರಿನ ನೀಲಿ ಸಾಕಿತ್ತು. ಇದನ್ನೆಲ್ಲ ನಾನು ಕಲಿತದ್ದು ಆಮೇಲೆ.

ಬಾಟಲಿ ಹಚ್ಚಿ ಹತ್ತು ನಿಮಿಷವಾಗಿರಲಿಲ್ಲ, ‘ಕೈ ಉರಿಯುತ್ತಿದೆ’ ಎಂದಳು ಅವ್ವ. ಕರೆದೆ. ‘ಪೊಟ್ಯಾಸಿಯಂ ಉರಿಯುವುದೇ ಅಜ್ಜಿ, ತಡೆದುಕೊಳ್ಳಿ’ ಎಂದು ಹೇಳಿ ಹೋದಳು. ಅವ್ವ ಕೈ ಎಳೆದುಕೊಳ್ಳುತ್ತಿದ್ದಳು. ಆಗ ನಾನು, ನಾನೇ, ‘ಇವರು ಸರ್ಟಿಫಿಕೇಟ್ ಇರುವವರು ಅವ್ವ, ಸುಮ್ಮನಿರು’ ಎಂದು ಆ ಕೈಯನ್ನು ಅಲುಗದಂತೆ ಹಾಸಿಗೆಗೆ ಒತ್ತಿ ಹಿಡಿದೆ. ಒಂದು ಗಂಟೆ ಹಿಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನೀವೂ ಹೀಗೇ ಹಿಡಿಯುತ್ತೀರಿ.

ಎರಡು ಗಂಟೆಗೆ ನೋಡಿದರೆ ಕೈ ಊದಿ ಗಾಜಿನ ಬಳೆಗಳು ಮಾಂಸದಲ್ಲಿ ಹೂತಿದ್ದವು. ಹನಿ ಬೀಳುವುದು ನಿಧಾನವಾಗಿತ್ತು. ಮತ್ತೆ ಕರೆದೆ. ಅವಳು ಕೈ ನೋಡಲಿಲ್ಲ, ಬಾಟಲಿ ನೋಡಿದಳು. ಕೊಳವೆಯ ಚಕ್ರ ತಿರುಗಿಸಿ ಹನಿಯನ್ನು ಜೋರು ಮಾಡಿದಳು. ಸೂಜಿ ನರದಿಂದ ಹೊರಗೆ ಬಂದು, ಔಷಧ ಚರ್ಮದ ಕೆಳಗೆ ಸುರಿಯುತ್ತಿತ್ತು. ಬೆಳಿಗ್ಗೆ ಬೊಬ್ಬೆ, ಮೂರನೆಯ ದಿನಕ್ಕೆ ಚರ್ಮ ಕಪ್ಪು. ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆವು. ಉರಿ ಎಂದಾಗಲೇ ಹನಿ ನಿಲ್ಲಿಸಿ ಸೂಜಿ ತೆಗೆಯಬೇಕಿತ್ತು, ಪೊಟ್ಯಾಸಿಯಂ ನರದೊಳಗೇ ವೇಗವಾಗಿ ಹೋಗಿದ್ದರೆ ಹೃದಯವೇ ನಿಲ್ಲಬಹುದಿತ್ತು ಎಂದರು ಅಲ್ಲಿಯ ಡಾಕ್ಟರ್. ಸತ್ತ ಚರ್ಮ ತೆಗೆದು ತೊಡೆಯ ಚರ್ಮ ಕಸಿ ಮಾಡಿದರು.

ಈಗ ಆಸ್ಪತ್ರೆಯ ಉತ್ತರಗಳನ್ನು ಕೇಳಿ. ಮ್ಯಾನೇಜರ್ ಮೊದಲು ಹೇಳಿದ್ದು: ‘ವಯಸ್ಸಾದವರ ನರ, ಒಡೆಯುತ್ತದೆ.’ ಎರಡನೆಯದು: ‘ನೀವು ಪಕ್ಕದಲ್ಲೇ ಇದ್ದಿರಲ್ಲ, ಯಾಕೆ ಹೇಳಲಿಲ್ಲ?’ ಎರಡು ಸಲ ಹೇಳಿದ್ದೆ! ಗೋಡೆಯ ಸರ್ಟಿಫಿಕೇಟ್ ತೋರಿಸಿ, ಇದು ಆ ಹುಡುಗಿಯದೇ ಎಂದು ಕೇಳಿದೆ. ‘ಅದು ಆಸ್ಪತ್ರೆಗೆ ಸಂಬಂಧಿಸಿದ್ದು ಸರ್, ಒಬ್ಬೊಬ್ಬರಿಗೂ ಅಲ್ಲ.’ ಹತ್ತಿರ ಹೋಗಿ ಓದಿದೆ. ಅದರಲ್ಲಿ ಒಬ್ಬರದೇ ಹೆಸರು. ಆ ನರ್ಸ್ ಕೆಲಸ ಬಿಟ್ಟು ವರ್ಷವಾಗಿದೆಯಂತೆ. ರಾತ್ರಿಯ ಹುಡುಗಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯಾದರೂ ಇದೆಯೇ ಎಂದರೆ, ‘ಪ್ರಕ್ರಿಯೆಯಲ್ಲಿದೆ.’ ಬಿಲ್ಲಿನಲ್ಲಿ ಮಾತ್ರ ‘ಕ್ಯಾನುಲಾ ಅಳವಡಿಕೆ, 3, ಒಟ್ಟು 1,050 ರೂಪಾಯಿ’. ಕ್ಯಾನುಲಾ ಎಂದರೆ ನರಕ್ಕೆ ಹಾಕುವ ಆ ಸೂಜಿಯೇ. ತಪ್ಪಿದ ಎರಡು ಚುಚ್ಚುಗಳಿಗೂ ದುಡ್ಡು. ಮೋಸ ಹೋದೆ ಎಂದು ನನಗೆ ಪೂರ್ತಿ ಅರ್ಥವಾದದ್ದು ಆ ಸಾಲನ್ನು ಓದಿದಾಗ.

ಆ ಹುಡುಗಿಯ ಮೇಲೂ ಕೂಗಾಡಿದೆ. ಅವಳು ಅತ್ತಳು. ಹದಿನಾರು ಹಾಸಿಗೆಗೆ ರಾತ್ರಿ ಅವಳೊಬ್ಬಳೇ, ಪೊಟ್ಯಾಸಿಯಂ ಕೊಡುವುದನ್ನು ಯಾರೂ ನಿಂತು ತೋರಿಸಿಲ್ಲ, ಸಂಬಳ ಒಂಬತ್ತು ಸಾವಿರ ಎಂದಳು. ಅವಳನ್ನು ಅಲ್ಲಿ ನಿಲ್ಲಿಸಿದವರ ಮೇಲೆ ನನ್ನ ಸಿಟ್ಟು.

ಸಲೈನ್ ಹಚ್ಚುವವರಿಗೆಲ್ಲ ಪ್ರಮಾಣಪತ್ರ ಬೇಕು ಎಂಬುದು ನನ್ನ ಮಾತು. ನರ್ಸಿಂಗ್ ಓದಿನಲ್ಲೇ ಇದನ್ನು ಕಲಿಸುತ್ತಾರೆ, ಬೇರೆ ಪ್ರಮಾಣಪತ್ರ ಯಾಕೆ ಎಂದು ಹಲವರು ನನಗೆ ಹೇಳಿದರು. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದವರು ಕಲಿತಿರುತ್ತಾರೆ, ಒಪ್ಪುತ್ತೇನೆ. ಆದರೆ ಕಲಿತದ್ದು ಕೈಗೆ ಬಂದಿದೆಯೇ ಎಂದು ನೋಡಿದವರು ಯಾರು? ಅಮೆರಿಕದಲ್ಲಿ ಐ.ವಿ. ಕೆಲಸ ಮಾಡುವ ನರ್ಸ್‌ಗಳಿಗೆಂದೇ ಸಿ.ಆರ್.ಎನ್.ಐ. ಎಂಬ ಪ್ರಮಾಣಪತ್ರವಿದೆ. ಅದರ ಪರೀಕ್ಷೆಗೆ ಕೂರಬೇಕಾದರೆ ಹಿಂದಿನ ಎರಡು ವರ್ಷಗಳಲ್ಲಿ 1,600 ಗಂಟೆ ಇದೇ ಕೆಲಸ ಮಾಡಿರಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಲ್ಲಿಯೂ ಅದು ಎಲ್ಲರಿಗೂ ಕಡ್ಡಾಯವಲ್ಲ. ಇಲ್ಲಿ ನಾನು ಅಷ್ಟು ಕೇಳುತ್ತಿಲ್ಲ. ಸಲೈನ್ ಹಚ್ಚುವ ಪ್ರತಿಯೊಬ್ಬರಿಗೂ ಕೈಯಾರೆ ಮಾಡಿ ತೋರಿಸುವ ಪರೀಕ್ಷೆ ಕಡ್ಡಾಯವಾಗಲಿ. ಶುಲ್ಕವನ್ನು ಆಸ್ಪತ್ರೆಯೇ ಕಟ್ಟಲಿ, ಒಂಬತ್ತು ಸಾವಿರದ ಹುಡುಗಿಯ ಸಂಬಳದಿಂದ ಕಡಿಯಬಾರದು. ಪ್ರಮಾಣಪತ್ರ ಸೂಜಿ ಹಿಡಿದವರ ಹೆಸರಿನಲ್ಲೇ ಇರಬೇಕು.

ನೀವು ಮಾಡಬೇಕಾದದ್ದು ಇಷ್ಟು. ಸೇರಿಸುವಾಗಲೇ ರಾತ್ರಿ ಪಾಳಿಯ ನರ್ಸ್ ಯಾರು, ನೋಂದಣಿ ಇದೆಯೇ ಎಂದು ಕೇಳಿ. ರೋಗಿ ಉರಿ ಎಂದರೆ, ಕೈ ಊದಿದರೆ, ಹನಿ ನಿಲ್ಲಿಸುವವರೆಗೂ ಬಿಡಬೇಡಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಕೈಯ ಫೋಟೋ ಸಮಯದೊಂದಿಗೆ ತೆಗೆದಿಡಿ, ಕೇಸ್ ಶೀಟ್‌ನ ಪ್ರತಿಯನ್ನು ಅರ್ಜಿ ಬರೆದು ಕೇಳಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರನ್ನು ಕೆ.ಪಿ.ಎಂ.ಇ. (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು. ನಾನು ಕೊಟ್ಟದ್ದು ಅಲ್ಲಿಗೇ.

ಅವ್ವನಿಗೆ ಬಲಗೈಯ ಮಣಿಕಟ್ಟು ಪೂರ್ತಿ ಮಡಚಲು ಬರುತ್ತಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾಳೆ. ಕಳೆದ ವಾರ ಬಿಲ್ಲಿನ ನಕಲು ತರಲು ಆ ಆಸ್ಪತ್ರೆಗೆ ಹೋಗಿದ್ದೆ. ಸರ್ಟಿಫಿಕೇಟ್ ಅಲ್ಲೇ ಇದೆ, ಗಾಜು ಒರೆಸಿಟ್ಟಿದ್ದಾರೆ. ಕೌಂಟರಿನಲ್ಲಿ ಒಬ್ಬರು ಹಣ ಎಣಿಸುತ್ತಾ ಅದನ್ನು ಓದುತ್ತಿದ್ದರು. ಅವರಿಗೆ ಎಲ್ಲವನ್ನೂ ಹೇಳಿಯೇ ಬಂದೆ.